ಇನ್ನೊಂದು ಕೋರ್ಸಿಗೆ ದುಡ್ಡು ಕಟ್ಟುವ ಮುಂಚೆ

ಪ್ರೀತಿಯ ಪುಟ್ಟಿಗೆ,

ನೀನು ಕಳಿಸಿದ ಮೂರೂ ಚಿತ್ರ ನೋಡಿದೆ. ಚೆನ್ನಾಗಿವೆ. ಆದರೆ ಮೂರನ್ನೂ ಬೇರೆ ಬೇರೆಯವರು ಬರೆದ ಹಾಗಿದೆ. ಒಂದರಲ್ಲಿ ಟೆಕ್ಸ್ಚರ್ ಪೇಸ್ಟ್ (ಹಾಳೆಯ ಮೇಲೆ ಉಬ್ಬು ತಗ್ಗು ಮಾಡುವ ದಪ್ಪ ಲೇಪ) ಕಲಿಸಿದ ಮೇಷ್ಟ್ರು ಕಾಣುತ್ತಾರೆ, ಇನ್ನೊಂದರಲ್ಲಿ ಕಾಗದದ ಚೂರು ಅಂಟಿಸುವ ಕೊಲಾಜ್ ಕಲಿಸಿದವರು. ಮೂರನೆಯದರಲ್ಲಿ ನೀರಿನ ಟ್ಯಾಂಕ್ ಹಿಂದೆ ಒಂದಿಷ್ಟು ಬೂದು ಆಕಾಶ ಬಿಟ್ಟಿದ್ದೀಯಲ್ಲ, ಅಲ್ಲಿ ಮಾತ್ರ ನೀನು ಸಿಕ್ಕಿದೆ.

ಮತ್ತೊಂದು ಮಿಕ್ಸೆಡ್ ಮೀಡಿಯಾ ಕೋರ್ಸ್, ಅಂದರೆ ಒಂದೇ ಚಿತ್ರದಲ್ಲಿ ಹಲವು ಸಾಮಗ್ರಿ ಬೆರೆಸುವುದನ್ನು ಕಲಿಸುವ ಕೋರ್ಸ್, ಸೇರಲಾ ಅಂತ ಕೇಳಿದ್ದೀಯ. ಈಗಲೇ ಬೇಡ. ಕೋರ್ಸಿಗೆ ನಾನು ವಿರೋಧಿಯಲ್ಲ. ಆದರೆ ಇಲ್ಲಿಯವರೆಗೆ ಕಲಿತದ್ದನ್ನು ಒಂದು ಜಾಗದ ಮೇಲೆ ಚೆನ್ನಾಗಿ ತಿಕ್ಕಿ ನೋಡದೆ ಇನ್ನೊಂದಕ್ಕೆ ಹೋದರೆ ಡ್ರಾಯರ್ ತುಂಬುತ್ತದೆ ಅಷ್ಟೆ.

ಜಾಗ ಯಾವುದು ಅಂತ ಕೇಳಿದರೆ ಲಾಲ್‌ಬಾಗ್ ಬಂಡೆ ಅನ್ನುತ್ತೇನೆ. ಮೇಲಿನ ಕೆಂಪೇಗೌಡರ ಗೋಪುರವನ್ನು ಎಲ್ಲರೂ ಬರೆಯುತ್ತಾರೆ, ನೀನು ಅದನ್ನು ಬಿಡು. ಸುಮಾರು 300 ಕೋಟಿ ವರ್ಷದ ಕಲ್ಲು ಅದು, ಅದನ್ನೇ ನೋಡು. ದೂರದಿಂದ ಬರೀ ಬೂದು. ಹತ್ತಿರ ಕೂತರೆ ಬಿಳಿ ಪಟ್ಟಿ, ಕರಿ ಪಟ್ಟಿ ಒಂದರ ಪಕ್ಕ ಒಂದು ಬಳುಕಿಕೊಂಡು ಹೋಗಿರುವುದು ಕಾಣುತ್ತದೆ. ಮಳೆನೀರು ಇಳಿದ ಕಡೆ ಕಪ್ಪು ಗೆರೆ. ಅಲ್ಲಲ್ಲಿ ಕಲ್ಲುಹೂವಿನ ತೇಪೆ. ಬೆಳಗ್ಗೆ ಏಳಕ್ಕೆ ಬಿಸಿಲು ಓರೆಯಾಗಿ ಬಿದ್ದಾಗ ಉಬ್ಬು ತಗ್ಗು ಎಲ್ಲ ಎದ್ದು ನಿಲ್ಲುತ್ತದೆ. ಮಧ್ಯಾಹ್ನ ಹನ್ನೆರಡಕ್ಕೆ ಹೋದರೆ ಚಪ್ಪಟೆ.

ಈಗ ಯೋಚಿಸು, ಯಾವ ಸಾಮಗ್ರಿಗೆ ಯಾವ ಕೆಲಸ? ಮೊದಲು ಶಾಯಿಗೆ ನೀರು ಬೆರೆಸಿ ತೆಳು ವಾಶ್ ಹಾಕಿ ದೊಡ್ಡ ನೆರಳುಗಳನ್ನು ಹಿಡಿದುಕೋ. ಟಿಶ್ಯೂ ಪೇಪರನ್ನು ಮುದುರಿ ಬಿಡಿಸಿ ಮ್ಯಾಟ್ ಮೀಡಿಯಂನಲ್ಲಿ (ಹೊಳಪಿಲ್ಲದ ಅಕ್ರಿಲಿಕ್ ಅಂಟು) ಅಂಟಿಸಿದರೆ ಸುಕ್ಕುಗಳೇ ಕಲ್ಲಿನ ಮೈ ಆಗುತ್ತವೆ. ಪೂರ್ತಿ ಒಣಗಿದ ಮೇಲೆ ಸಾಫ್ಟ್ ಪೇಸ್ಟಲನ್ನು ಅಡ್ಡ ಹಿಡಿದು ಮೆಲ್ಲಗೆ ಉಜ್ಜು. ಬಣ್ಣ ಸುಕ್ಕಿನ ನೆತ್ತಿಗೆ ಮಾತ್ರ ಹತ್ತುತ್ತದೆ, ತಗ್ಗು ಕಪ್ಪಾಗೇ ಉಳಿಯುತ್ತದೆ. ಏಳು ಗಂಟೆಯ ಬಿಸಿಲು ಮಾಡುವುದೂ ಅದನ್ನೇ ಅಲ್ವಾ? ನೀರಿನ ಗೆರೆಗೆ ಇದ್ದಿಲು ಸಾಕು. ಇಷ್ಟರಲ್ಲೇ ಬಂಡೆ ಬಂದರೆ ಟೆಕ್ಸ್ಚರ್ ಪೇಸ್ಟ್ ಡಬ್ಬಿ ತೆರೆಯಲೇಬೇಡ. ನಿನ್ನ ಮೊದಲ ಚಿತ್ರದ ತೊಂದರೆಯೇ ಅದು: ಮಸಾಲೆ ಡಬ್ಬಿಯಲ್ಲಿ ಇರುವುದನ್ನೆಲ್ಲ ಒಂದೇ ಸಾರಿಗೆ ಸುರಿದಂತಿದೆ.

ಕೆಲವು ವಿಷಯ ತರಗತಿಯಲ್ಲಿ ಹೇಳಿರಬಹುದು, ಆದರೂ ಹೇಳುತ್ತೇನೆ. ಆಯಿಲ್ ಬಣ್ಣದ ಮೇಲೆ ಅಕ್ರಿಲಿಕ್ ಬಣ್ಣ ನಿಲ್ಲುವುದಿಲ್ಲ, ಮುಂದೆ ಸಿಪ್ಪೆ ಎದ್ದು ಬರುತ್ತದೆ. ಒಣಗಿದ ಅಕ್ರಿಲಿಕ್ ಮೇಲೆ ಆಯಿಲ್ ಹಾಕಬಹುದು. ಇದ್ದಿಲ ಮೇಲೆ ಪುಡಿ ಹಿಡಿದಿಡುವ ಫಿಕ್ಸೆಟಿವ್ ಸ್ಪ್ರೇ ಹೊಡೆಯದೆ ಒದ್ದೆ ಬ್ರಶ್ ಆಡಿಸಿದರೆ ಎಲ್ಲ ರಾಡಿ. ಇಷ್ಟೆಲ್ಲ ಪದರ ಹೊರಬೇಕು ಅಂದರೆ 300 ಜಿಎಸ್‌ಎಂ (ಚದರ ಮೀಟರಿಗೆ 300 ಗ್ರಾಂ ತೂಗುವ) ದಪ್ಪ ಕಾಗದವಾದರೂ ಬೇಕು. ಕೊಲಾಜಿಗೆ ದಿನಪತ್ರಿಕೆ ಹಾಕಿದ್ದೀಯ, ನೋಡೋಕೆ ಸೊಗಸೇ. ಆದರೆ ಆ ಕಾಗದದಲ್ಲಿ ಮರದ ಲಿಗ್ನಿನ್ ಉಳಿದಿರುತ್ತದೆ, ಬೆಳಕಿಗೆ ಹಳದಿಯಾಗುತ್ತದೆ. ನಿನ್ನ ತಿಳಿನೀಲಿ ಆಕಾಶ ಆಮೇಲೆ ಚಹಾ ಬಣ್ಣಕ್ಕೆ ತಿರುಗಿದರೆ ನನ್ನನ್ನು ಕೇಳಬೇಡ. ಅರಿಶಿನ ಬಳಿಯುವ ಉಪಾಯವೂ ಬೇಡ, ಬಿಸಿಲಿಗೆ ಬೇಗ ಮಾಸುತ್ತದೆ.

ಮುಂದೆ ಕೋರ್ಸ್ ಸೇರುವಾಗ ಬರೀ ಡ್ರಾಯಿಂಗ್ ಮತ್ತು ಟೋನ್, ಅಂದರೆ ಬೆಳಕು ನೆರಳಿನ ಹದ, ಕಲಿಸುವುದನ್ನು ಹುಡುಕು. ಬೋರ್ ಅನ್ನಿಸುತ್ತದೆ, ಗೊತ್ತು. ಆದರೆ ನಿನ್ನ ಮರಗಳಿಗೆ ಬುಡವೇ ಇಲ್ಲ, ಹೂವು ಮಾತ್ರ ಇದೆ. ರೆಕಾರ್ಡ್ ಮಾಡಿದ ಪಾಠ ಅಗ್ಗ, ಕೈಚಳಕ ನೋಡಿಕೊಳ್ಳೋಕೆ ಅಡ್ಡಿಯಿಲ್ಲ. ನಿನಗೆ ಈಗ ಬೇಕಾಗಿರುವುದು ನಿನ್ನ ಹಾಳೆ ನೋಡಿ "ಇಲ್ಲಿ ತಪ್ಪಿದೆ" ಅನ್ನುವವರು. ಫೀಸು ಕಟ್ಟುವ ಮುಂಚೆ ಒಂದೇ ಪ್ರಶ್ನೆ ಕೇಳು: ಪ್ರತಿಯೊಬ್ಬರ ಕೆಲಸವನ್ನೂ ಕೂತು ನೋಡುತ್ತೀರಾ? ಉತ್ತರ ಸುತ್ತಿ ಬಳಸಿ ಬಂದರೆ ವಾಪಸ್ ಬಂದುಬಿಡು.

ನಡುವೆ ಬೇರೆಯವರ ಚಿತ್ರ ನೋಡು, ಮೊಬೈಲಿನಲ್ಲಲ್ಲ. ಸ್ವಾತಂತ್ರ್ಯ ಹೋರಾಟಗಾರರೂ ಆಗಿದ್ದ ರುಮಾಲೆ ಚೆನ್ನಬಸವಯ್ಯ ಬೆಂಗಳೂರಿನ ಹೂಬಿಟ್ಟ ಮರಗಳನ್ನೇ ಹಟ ಹಿಡಿದು ಬರೆದವರು. ಮರದ ಜತೆ ಕೊಂಬೆಯ ಸಂದಿಯ ಬೆಳಕನ್ನೂ ಬರೆದಿದ್ದಾರೆ. ಕೆ. ವೆಂಕಟಪ್ಪನವರ ಊಟಿ, ಕೊಡೈಕೆನಾಲ್ ಜಲವರ್ಣ ನೋಡಿದರೆ ಮಂಜಿಗೆ ಎಷ್ಟು ಕಡಿಮೆ ಬಣ್ಣ ಸಾಕು ಅಂತ ತಿಳಿಯುತ್ತದೆ. ಕಸ್ತೂರಬಾ ರಸ್ತೆಯ ಅವರ ಹೆಸರಿನ ಗ್ಯಾಲರಿ ತೆರೆದಿದೆಯಾ ಅಂತ ವಿಚಾರಿಸಿಕೊಂಡು ಹೋಗು. ಚಿತ್ರಕಲಾ ಪರಿಷತ್ತಿನಲ್ಲಿ ರಷ್ಯಾ ಮೂಲದ ಕಲಾವಿದ ರೋರಿಕ್ ಅವರ ಚಿತ್ರಗಳಿವೆ. ಒಂದರ ಮುಂದೆಯೇ ಜಾಸ್ತಿ ಹೊತ್ತು ನಿಲ್ಲು, ಹಾಲ್ ಪೂರ್ತಿ ಮುಗಿಸಲೇಬೇಕು ಅಂತೇನಿಲ್ಲ.

ಜನವರಿಯ ಚಿತ್ರಸಂತೆಯಲ್ಲಿ, ಕಲಾವಿದರು ರಸ್ತೆಯಲ್ಲೇ ಚಿತ್ರ ಮಾರುವ ಆ ಸಂತೆಯಲ್ಲಿ, ಮಾರಲು ಕೂರುವ ಮಾತು ಈ ಸಲ ಬೇಡ. ಕುಮಾರ ಕೃಪಾ ರಸ್ತೆಯ ಉದ್ದಕ್ಕೂ ಸುಮ್ನೆ ತಿರುಗು. ಮಾರಾಟಕ್ಕಿಟ್ಟರೆ ಜನ ಮೆಚ್ಚಿದ್ದನ್ನೇ ಮತ್ತೆ ಮತ್ತೆ ಬರೆಯುವ ಆಸೆ ಹುಟ್ಟುತ್ತದೆ, ನಿನಗೆ ಅದಕ್ಕಿನ್ನೂ ಸಮಯವಿದೆ.

ಯುಗಾದಿಗೆ ಬರುವಾಗ ಬಂಡೆಯ ಚಿತ್ರಗಳನ್ನು ತಾ. ಕೆಟ್ಟವು ಅಂತ ಮಂಚದ ಕೆಳಗೆ ತಳ್ಳಿದ್ದನ್ನೂ ಸೇರಿಸಿ. ಫೋಟೋ ಬೇಡ, ಅದರಲ್ಲಿ ಪದರ ಗೊತ್ತಾಗುವುದಿಲ್ಲ. ಪೇಸ್ಟಲ್ ಇರುವ ಹಾಳೆಗಳ ಮಧ್ಯೆ ಬಟರ್ ಪೇಪರ್ ಇಟ್ಟು ಕಟ್ಟು, ಬಸ್ಸಿನಲ್ಲಿ ಉಜ್ಜಿ ಹೋಗುತ್ತದೆ.

ನಿನ್ನ ದೊಡ್ಡಮ್ಮ