ಮಚ್ಚಾ, ಚರ್ಚ್ ಬಗ್ಗೆ ನೀನು ಕೇಳಿದ್ದ ಒಂದು ಪುಟ

ಮಚ್ಚಾ,

ಹಬ್ಬದ ಪುಸ್ತಕಕ್ಕೆ ನಮ್ಮ ಕೆಜಿಎಫ್ ಚಿನ್ನದ ಗಣಿಯ ಚಾಂಪಿಯನ್ ರೀಫ್‌ನ ವಿಜಯಮಾತೆ ಚರ್ಚಿನ ಬಗ್ಗೆ ಒಂದು ಪುಟ ಬರೆದುಕೊಡು ಅಂದಿದ್ದೆಯಲ್ಲ, ತಗೋ. ನಾಲ್ಕು ಜನ ಓದಲಿ ಅಂತ ಇಲ್ಲೇ ಹಾಕುತ್ತಿದ್ದೇನೆ.

ಕೆಜಿಎಫ್‌ನಲ್ಲಿ ಯಾವ ಹಳೇ ಕಟ್ಟಡ ಕಂಡರೂ ಜನ ಇಂಗ್ಲಿಷರ ಲೆಕ್ಕಕ್ಕೆ ಬರೆದುಬಿಡುತ್ತಾರೆ. ಗಣಿ ನಡೆಸಿದ ಇಂಗ್ಲಿಷ್ ಕಂಪನಿ ಜಾನ್ ಟೇಲರ್ 1880ರಲ್ಲಿ ಬಂದಿದ್ದು ನಿಜ. ಆದರೆ ಅದರ ಸಾಹೇಬರು ಹೆಚ್ಚಿನವರು ಪ್ರಾಟೆಸ್ಟಂಟರು. ಕ್ಯಾಥೊಲಿಕ್ ಪೂಜೆ ಬೇಕಾಗಿದ್ದು ಉತ್ತರ ಆರ್ಕಾಟಿನಿಂದ ಬಂದ ತಮಿಳು ಕೂಲಿಗಳಿಗೆ, ಇಟಲಿಯಿಂದ ಬಂದ ಗಣಿ ಕೆಲಸದವರಿಗೆ, ಆಂಗ್ಲೋ ಇಂಡಿಯನ್ನರಿಗೆ. ಆ ಕಾಲಕ್ಕೆ ಮೈಸೂರು ಸೀಮೆಯ ಪಾದ್ರಿಗಳು ಪ್ಯಾರಿಸ್ ಮಿಷನ್‌ನ ಫ್ರೆಂಚರು. ಇಂಗ್ಲಿಷ್ ಕಂಪನಿ, ಫ್ರೆಂಚ್ ಫಾದರ್, ತಮಿಳು ಜಪ, ಮಹಾರಾಜರ ನೆಲ! ವಿಜಯಮಾತೆ ಅಂದರೆ ಮೇರಿ ಮಾತೆ, ಆ ಹೆಸರಿನ ವಿಜಯ ತುರ್ಕರ ಮೇಲೆ ಕ್ರೈಸ್ತರು ಗೆದ್ದ 1571ರ ಲೆಪಾಂಟೊ ಕಡಲ ಯುದ್ಧದ್ದು. ನಮ್ಮೂರಲ್ಲಿ ಕಡಲೆಲ್ಲಿ ಬಂತು, ಚಿನ್ನ ತೆಗೆದು ಸುರಿದ ಮಣ್ಣಿನ ಸೈನೈಡ್ ದಿಬ್ಬದ ಧೂಳು ಬಿಟ್ಟರೆ?

ಇಲ್ಲಿಗೇ ನಿಲ್ಲಿಸಬೇಕಿತ್ತು. ಆದರೆ ಮೊನ್ನೆ ಫೋನಲ್ಲಿ ನೀನು "ನೆಲ ಮತ್ತೆ ಅದುರಿತು ಮಚ್ಚಾ" ಅಂದೆ. ಮುಚ್ಚಿದ ಗಣಿಗೆ ನೀರು ತುಂಬಿದರೆ ಹಾಗಾಗುತ್ತದಂತೆ. ಸದ್ಯ, ನಾನು ಬೆಂಗಳೂರಲ್ಲಿದ್ದೀನಿ ಅನ್ನಿಸಿತು. ಮೊದಲು ಅನ್ನಿಸಿದ್ದೇ ಅದು.

ಇದು ನನ್ನ ಹಳೇ ಚಾಳಿ. ಗಣಿ ಮೂರು ಕಿಲೋಮೀಟರಿಗಿಂತ ಜಾಸ್ತಿ ಆಳ. ಅಷ್ಟು ಕೆಳಗೆ ಭಾರ ತಡೆಯದೆ ಬಂಡೆ ಸಿಡಿಯುತ್ತಿತ್ತು, ಅದಕ್ಕೆ ಏರ್ ಬ್ಲಾಸ್ಟ್ ಅನ್ನುತ್ತಿದ್ದರು. ಮೊದಲು ಅಡುಗೆಮನೆ ಶೆಲ್ಫಲ್ಲಿ ಸ್ಟೀಲ್ ಲೋಟಗಳು ಒಂದಕ್ಕೊಂದು ತಾಗಿ ಟಣಟಣ ಅನ್ನುತ್ತಿದ್ದವು. ಆಮೇಲೆ ಹೆಂಗಸರೆಲ್ಲ ಬೀದಿಗೆ, ಅರ್ಧ ಜನ ಗಣಿಗೆ ಇಳಿಯುವ ಶಾಫ್ಟ್ ಕಡೆ, ಅರ್ಧ ಜನ ಚರ್ಚ್ ಕಡೆ. ನಮ್ಮಮ್ಮನೂ ಹಣೆ ತುಂಬ ಕುಂಕುಮ ಇಟ್ಟುಕೊಂಡೇ ಮಾತೆಗೆ ಮೇಣದಬತ್ತಿ ಹಚ್ಚುತ್ತಿದ್ದಳು. ನೀನು ಮಂಡಿಯೂರಿ ಜಪಮಣಿ ಎಣಿಸುತ್ತಿದ್ದೆ. ನಾನು ಪಕ್ಕದಲ್ಲಿ, ನಿನ್ನ ನೋಡಿಕೊಂಡು ಕೈ ಜೋಡಿಸುತ್ತಿದ್ದೆ. ನಿಮ್ಮಪ್ಪ ಒಳಗೆ ಇಳಿದಿದ್ದರು. ನಮ್ಮಪ್ಪ ಮೇಲೆ ಆಫೀಸಲ್ಲಿ ಸಂಬಳದ ಲೆಕ್ಕ ಬರೆಯುತ್ತಾ ಇದ್ದರು. ನಮ್ಮಪ್ಪ ಅಲ್ಲ, ನಮ್ಮಪ್ಪ ಅಲ್ಲ. ನನ್ನ ಜಪ ಅಷ್ಟೇ.

2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚಿತು. ನಮ್ಮ ಸಾಮಾನು ಲಾರಿ ಹತ್ತಿತು, ನೀವು ಗಣಿ ಕೆಲಸಗಾರರ ಲೈನ್ ಮನೆಯಲ್ಲೇ ಉಳಿದಿರಿ. ಇವತ್ತಿಗೂ ನೀನು ಕತ್ತಲಲ್ಲೇ ಮಾರಿಕುಪ್ಪಂನಲ್ಲಿ ಟ್ರೈನ್ ಹಿಡಿದು ನಾನಿರುವ ಊರಿಗೆ ಕೆಲಸಕ್ಕೆ ಬರುತ್ತೀಯ. ಮನೆಗೆ ಬಾ ಅಂದರೆ, ಟ್ರೈನ್ ತಪ್ಪುತ್ತೆ ಅಂತ ಹೋಗಿಬಿಡುತ್ತೀಯ. ಅದೂ ನನಗೆ ಒಂಥರಾ ನೆಮ್ಮದಿಯೇ, ನೋಡು.

ಸಾಕು ಬಿಡು. ಚರ್ಚಿನ ಇತಿಹಾಸ ಬರೆದು ನಾಲ್ಕು ಲೈಕ್ ಗಿಟ್ಟಿಸೋಣ ಅಂತ ಕೂತರೆ ಪಾಪನಿವೇದನೆ ಮಾಡಿ ಕೂತೆ, ಅದೂ ದೀಕ್ಷಾಸ್ನಾನವೇ ಆಗದವನು! ಫಾದರ್‌ಗೆ ಎರಡನೇ ಪ್ಯಾರಾ ಮಾತ್ರ ಕೊಡು. ಮತ್ತೆ ಕ್ರಿಸ್‌ಮಸ್‌ಗೆ ನಿಮ್ಮಮ್ಮ ಕೇಕ್ ಕಳಿಸಿದರೆ ಬಂಗಾರಪೇಟೆ ದಾಟುವಷ್ಟರಲ್ಲಿ ಡಬ್ಬ ಖಾಲಿ ಮಾಡಬೇಡ. ಹೋದ ಸಲ ಬರೀ ಬಟರ್ ಪೇಪರ್ ಬಂತು.

ನಿನ್ನ,
ಗೋಲ್ ಕೀಪರ್