ರಜೆಯ ಪ್ರಾಜೆಕ್ಟ್ ಅಡುಗೆಮನೆಯಲ್ಲೂ ನಡೆಯಲಿ

ಮಾನ್ಯ ಸಂಪಾದಕರೇ,

ಬೇಸಿಗೆ ರಜೆ ಹತ್ತಿರವಾಗುತ್ತಿದೆ. ರಜೆಯಲ್ಲಿ ಮಕ್ಕಳಿಗೆ ಶಾಲೆಗಳು ಕೊಡುವ ಪ್ರಾಜೆಕ್ಟ್‌ಗಳ ಬಗ್ಗೆ ತಮ್ಮ ಪತ್ರಿಕೆಯ ಮೂಲಕ ಒಂದು ವಿನಂತಿಯನ್ನು ಮಾಡಿಕೊಳ್ಳಲು ಈ ಪತ್ರ ಬರೆಯುತ್ತಿದ್ದೇನೆ. ನಾನು ಗುಬ್ಬಿ ತಾಲ್ಲೂಕಿನ ಹಳ್ಳಿಯೊಂದರಲ್ಲಿ ನೆಲೆಸಿರುವ ನಿವೃತ್ತ ಪ್ರಾಥಮಿಕ ಶಾಲಾ ಶಿಕ್ಷಕಿ. ತುಮಕೂರಿನಲ್ಲಿರುವ ಮಗನ ಇಬ್ಬರು ಮಕ್ಕಳು, ಹತ್ತು ವರ್ಷದ ಮೊಮ್ಮಗಳು ಮತ್ತು ಏಳು ವರ್ಷದ ಮೊಮ್ಮಗ, ರಜೆ ಬಂತೆಂದರೆ ನನ್ನ ಬಳಿಯೇ ಇರುತ್ತಾರೆ.

ಕಳೆದ ದಸರಾ ರಜೆಯಲ್ಲಿ ‘ನಮ್ಮ ಜಿಲ್ಲೆಯ ಸಾಂಪ್ರದಾಯಿಕ ಆಹಾರ’ ಎಂಬ ವಿಷಯದ ಮೇಲೆ ಚಾರ್ಟ್ ಮಾಡಿಕೊಂಡು ಬರುವಂತೆ ಮೊಮ್ಮಗಳಿಗೆ ಶಾಲೆಯಲ್ಲಿ ಹೇಳಿದ್ದರು. ಅವಳ ತಾಯಿ ಕೆಲಸ ಮುಗಿಸಿ ಬರುವಾಗ ಝೆರಾಕ್ಸ್ ಅಂಗಡಿಯಲ್ಲಿ ರಾಗಿ ಮುದ್ದೆ, ಬಸ್ಸಾರು, ತಟ್ಟೆ ಇಡ್ಲಿಗಳ ಬಣ್ಣದ ಚಿತ್ರಗಳನ್ನು ಪ್ರಿಂಟ್ ಹಾಕಿಸಿಕೊಂಡು ಬಂದಿದ್ದಳು. ಹುಡುಗಿ ಅವನ್ನು ಕತ್ತರಿಸಿ ಅಂಟಿಸಿ, ಕೆಳಗೆ ‘ರಾಗಿಯಲ್ಲಿ ಕ್ಯಾಲ್ಸಿಯಂ ಹೇರಳವಾಗಿದೆ’ ಎಂದು ದುಂಡಗೆ ಬರೆದಿದ್ದಳು. ಬರೆದದ್ದು ಸರಿಯೇ. 100 ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಂಗೂ ಹೆಚ್ಚು ಕ್ಯಾಲ್ಸಿಯಂ ಇರುತ್ತದೆ. ಅಷ್ಟೇ ತೂಕದ ಪಾಲಿಶ್ ಅಕ್ಕಿಯಲ್ಲಿ ಅದು 10 ಮಿಲಿಗ್ರಾಂ ಆಸುಪಾಸು. ಆದರೆ ಇದನ್ನು ಬರೆದ ಹುಡುಗಿ ಮುದ್ದೆ ಕಂಡರೆ ತಟ್ಟೆ ಸರಿಸುತ್ತಿದ್ದಳು, ಮೊರದಲ್ಲಿದ್ದ ರಾಗಿಯನ್ನು ತೋರಿಸಿದರೆ ಸಾಸಿವೆ ಎಂದಳು. ರಾಗಿಯನ್ನೇ ಉಂಡು ಬೆಳೆದ ಈ ಸೀಮೆಯಲ್ಲಿ ಹೀಗಾಯಿತಲ್ಲ ಎಂದು ನನಗೆ ಬಹಳ ನೋವಾಯಿತು. ಸೇವೆಯಲ್ಲಿದ್ದಾಗ ಇಂಥ ಚಾರ್ಟ್‌ಗಳನ್ನು ನಾನೂ ಮಾಡಿಸಿದ್ದೇನೆ, ತರಗತಿಯ ಗೋಡೆಗೆ ತೂಗುಹಾಕಿ ಸಮಾಧಾನಪಟ್ಟಿದ್ದೇನೆ. ಆದ್ದರಿಂದ ಶಿಕ್ಷಕರನ್ನು ದೂರುವ ಉದ್ದೇಶ ನನಗಿಲ್ಲ.

ಮರುದಿನ ಇಬ್ಬರನ್ನೂ ಅಡುಗೆಮನೆಗೆ ಕರೆದೆ. ರಾಗಿಯನ್ನು ಕೇರಿ, ಕಲ್ಲು ಆರಿಸಿ, ಚೀಲ ಹಿಡಿದು ಮೂವರೂ ಮಿಲ್ಲಿಗೆ ಹೋದೆವು. ಬೀಸಿಕೊಂಡು ಬಂದ ಹಿಟ್ಟಿನೊಳಗೆ ಕೈಯಿಟ್ಟ ಮೊಮ್ಮಗ, ‘ಅಜ್ಜಿ, ಒಲೆ ಮೇಲೆ ಇಡದೇ ಇದು ಯಾಕೆ ಬಿಸಿ ಆಯ್ತು?’ ಎಂದು ಕೇಳಿದ. ಎರಡು ಅಂಗೈಗಳನ್ನು ಬಲವಾಗಿ ಉಜ್ಜಿ ಕೆನ್ನೆಗೆ ಇಟ್ಟುಕೋ ಎಂದೆ. ಘರ್ಷಣೆಯ ಪಾಠವನ್ನು ವರ್ಷಗಟ್ಟಲೆ ಕಪ್ಪು ಹಲಗೆಯ ಮೇಲೆ ಮಾಡಿದವಳು ನಾನು. ಅದು ಇಷ್ಟು ಬೇಗ ಯಾವ ಮಗುವಿಗೂ ತಿಳಿದದ್ದನ್ನು ನಾನು ಕಂಡಿರಲಿಲ್ಲ.

ಎಸರು ಮರಳಿದ ಮೇಲೆ ಹಿಟ್ಟನ್ನು ನಡುವೆ ಗುಡ್ಡೆಯಾಗಿ ಸುರಿದು, ಕೋಲಿನಿಂದ ಒಂದು ತೂತು ಮಾಡಿ, ಎಸರು ಉಕ್ಕಿ ಹಿಟ್ಟಿನ ಮೇಲೆ ಹರಿದು ಅದು ಬೇಯುವವರೆಗೆ ಕೈ ಹಾಕದೆ ಕಾಯಬೇಕು. ಮೊಮ್ಮಗಳಿಗೆ ಕಾಯುವ ತಾಳ್ಮೆ ಇರಲಿಲ್ಲ. ಅವಸರದಲ್ಲಿ ತೊಳಸಿದ್ದರಿಂದ ಹಿಟ್ಟು ಗಂಟುಗಂಟಾಯಿತು. ನಾನು ಅದನ್ನು ಸರಿಪಡಿಸಲು ಹೋಗಲಿಲ್ಲ. ತಾನೇ ತೊಳಸಿದ, ಗಂಟುಗಳಿದ್ದ ಆ ಮುದ್ದೆಯನ್ನು ಅವಳು ಪೂರ್ತಿ ಉಂಡಳು. ಮೂರನೆಯ ದಿನದ ಹೊತ್ತಿಗೆ ಗಂಟಿಲ್ಲದಂತೆ ತೊಳಸುವುದನ್ನು ಕಲಿತಳು. ಅಂದು ಹೊಲದ ಬದುವಿನಿಂದ ಅಣ್ಣೆ ಸೊಪ್ಪು ಕಿತ್ತು ತಂದು, ಹುರುಳಿ ಕಾಳಿನೊಂದಿಗೆ ಬೇಯಿಸಿ ಬಸಿದೆವು. ಬಸಿದ ನೀರನ್ನು ಚೆಲ್ಲಲು ಹೊರಟಿದ್ದ ಹುಡುಗನಿಗೆ, ಸಾರು ಆಗುವುದೇ ಆ ನೀರಿನಿಂದ, ಉಳಿದ ಸೊಪ್ಪು ಕಾಳು ಒಗ್ಗರಣೆ ಹಾಕಿದರೆ ಪಲ್ಯ ಎಂದು ತೋರಿಸಿದೆ. ಬಸ್ಸಾರಿಗೆ ಆ ಹೆಸರು ಏಕೆ ಬಂತೆಂದು ಈಗ ಅವನು ಬೇರೆಯವರಿಗೆ ವಿವರಿಸುತ್ತಾನೆ.

ತಂಬಿಟ್ಟು ಮಾಡಿದ ದಿನ ಇನ್ನೊಂದು ಸಂಗತಿ ಹೊಳೆಯಿತು. ಕೊಬ್ಬರಿ ತಿಪಟೂರಿನದು, ಕಡಲೆಕಾಯಿ ಬೀಜ ಪಾವಗಡದ ಕಡೆಯದು. ಕೊಬ್ಬರಿ ತುರಿಯುತ್ತಾ, ಬೀಜದ ಸಿಪ್ಪೆ ಊದುತ್ತಾ, ಒಂದು ಕಡೆ ತೆಂಗು ಇನ್ನೊಂದು ಕಡೆ ಕಡಲೆಕಾಯಿ ಏಕೆ ಎಂದು ಕೇಳಿದಾಗ, ಮಳೆ ಕಡಿಮೆ ಬೀಳುವ ತಾಲ್ಲೂಕುಗಳ ಮಾತು ತಾನಾಗಿ ಬಂತು. ‘ನಮ್ಮ ಜಿಲ್ಲೆಯ ಆಹಾರ’ ಎಂಬ ಚಾರ್ಟಿನಲ್ಲಿ ಇರಬೇಕಾಗಿದ್ದ ವಿಷಯವೇ ಅದು.

ಬೆಂಕಿಯ ಹತ್ತಿರ ಮಕ್ಕಳನ್ನು ಬಿಡುವುದು ಹೇಗೆ ಎಂಬ ತಂದೆತಾಯಿಗಳ ಆತಂಕ ನ್ಯಾಯವಾದದ್ದು. ಬಿಸಿ ಎಣ್ಣೆ, ಬೆಲ್ಲದ ಪಾಕ, ಕುಕ್ಕರ್, ಈಳಿಗೆಮಣೆ ಇವುಗಳ ಹತ್ತಿರಕ್ಕೆ ನಾನು ಅವರನ್ನು ಬಿಡುವುದಿಲ್ಲ. ನಿಪ್ಪಟ್ಟು ತಟ್ಟುವವರು ಅವರು, ಕರಿಯುವವಳು ನಾನು. ಕೋಲು ಹಿಡಿದು ತೊಳಸುವಾಗಲೂ ಒಲೆ ಆರಿಸಿ, ಪಾತ್ರೆಯನ್ನು ನಾನೇ ಭದ್ರವಾಗಿ ಹಿಡಿದಿರುತ್ತೇನೆ. ಇನ್ನು ಗಂಡು ಹುಡುಗನಿಗೆ ಇದೆಲ್ಲ ಯಾಕೆ ಎಂದು ನೆರೆಮನೆಯವರು ಕೇಳಿದ್ದುಂಟು. ಮದುವೆ ಮನೆಗಳಲ್ಲಿ ನೂರಾರು ಜನರಿಗೆ ಅಡುಗೆ ಮಾಡುವವರು ಬಹುಪಾಲು ಗಂಡಸರೇ ಆಗಿರುವಾಗ, ತನ್ನ ಮನೆಯವರಿಗೆ ಒಂದು ಮುದ್ದೆ ಕಟ್ಟಲು ಹುಡುಗನಿಗೆ ನಾಚಿಕೆ ಏಕೆ ಇರಬೇಕೋ ನನಗೆ ತಿಳಿಯದು.

ನನ್ನ ವಿನಂತಿ ಇಷ್ಟು. ತುಮಕೂರು ಮತ್ತು ಮಧುಗಿರಿ ಎರಡೂ ಶೈಕ್ಷಣಿಕ ಜಿಲ್ಲೆಗಳ ಉಪನಿರ್ದೇಶಕರು ಈ ಬೇಸಿಗೆ ರಜೆಗೆ, ಚಾರ್ಟಿನ ಬದಲು, ಮನೆಯ ಹಿರಿಯರ ಜೊತೆ ನಿಂತು ಒಂದು ಅಡುಗೆ ಅಥವಾ ಒಂದು ತಿಂಡಿ ಕಲಿತು, ಅದನ್ನು ಸ್ವಂತ ಮಾತಿನಲ್ಲಿ ಒಂದು ಪುಟ ಬರೆದು ತರುವ ಪ್ರಾಜೆಕ್ಟನ್ನು ಕೊಡುವಂತೆ ಶಾಲೆಗಳಿಗೆ ಸೂಚಿಸಬೇಕು. ಇದಕ್ಕೆ ಅಂಕ ಬೇಡ, ಫೋಟೊ ಕಡ್ಡಾಯವೂ ಬೇಡ. ಫೋಟೊ ಕೇಳಿದರೆ ತಾಯಂದಿರೇ ಅಡುಗೆ ಮಾಡಿ ಮಕ್ಕಳನ್ನು ಪಕ್ಕದಲ್ಲಿ ನಿಲ್ಲಿಸುತ್ತಾರೆ. ಎಲ್ಲ ಮಕ್ಕಳಿಗೂ ಅಜ್ಜಿ ತಾತ ಇರುವುದಿಲ್ಲ ಎಂಬುದನ್ನು ನಾನು ಮರೆತಿಲ್ಲ. ಶಾಲೆಯಲ್ಲಿ ಬಿಸಿಯೂಟ ಮಾಡುವ ಅಕ್ಕಂದಿರು ಇದ್ದಾರೆ, ಅವರಿಗೆ ತಿಳಿದಿರುವ ಅಡುಗೆಗಳನ್ನು ಯಾರೂ ಕೇಳಿಲ್ಲ. ಬ್ಯಾಗ್ ಇಲ್ಲದ ಸಂಭ್ರಮ ಶನಿವಾರಗಳಲ್ಲಿ ಅವರನ್ನೂ ಊರಿನ ಹಿರಿಯರನ್ನೂ ತರಗತಿಗೆ ಕರೆದು, ಸೊಪ್ಪು ಬಿಡಿಸುತ್ತಾ ಮಾತನಾಡಿಸಬಹುದು. ಸರ್ಕಾರಿ ಶಾಲೆಗಳಲ್ಲಿ 2024ರಿಂದ ಹಾಲಿನೊಂದಿಗೆ ರಾಗಿ ಮಾಲ್ಟ್ ಕೊಡುತ್ತಿದ್ದಾರೆ. ಅದು ಬಹಳ ಒಳ್ಳೆಯ ಕೆಲಸ. ಲೋಟದಲ್ಲಿ ಕುಡಿಯುವ ಆ ರಾಗಿಯ ತೆನೆ ಹೇಗಿರುತ್ತದೆ, ಮೊಳಕೆ ಹೇಗೆ ಕಟ್ಟುತ್ತಾರೆ ಎಂಬುದನ್ನೂ ಮಕ್ಕಳ ಕೈಯಲ್ಲೇ ಮಾಡಿಸಿದರೆ ಅದರ ರುಚಿಯೂ ಅವರಿಗೆ ಹಿಡಿಸುತ್ತದೆ.

ತಮ್ಮ ಪತ್ರಿಕೆಯೂ ಏಪ್ರಿಲ್ ಮತ್ತು ಮೇ ತಿಂಗಳಲ್ಲಿ ವಾರಕ್ಕೊಮ್ಮೆ ಮಕ್ಕಳು ಹೀಗೆ ಬರೆದ ಅಡುಗೆಯ ಬರಹಗಳಿಗೆ ಸ್ವಲ್ಪ ಜಾಗ ಕೊಡಬೇಕೆಂದು ಕೋರುತ್ತೇನೆ. ಮೊಮ್ಮಗಳು ಬರೆದ ಬಸ್ಸಾರಿನ ವಿಧಾನವನ್ನು ಈ ಪತ್ರದ ಜೊತೆ ಇಟ್ಟಿದ್ದೇನೆ. ಅದರಲ್ಲಿ ಉಪ್ಪಿನ ಅಳತೆ ‘ಅಜ್ಜಿ ಹಾಕಿದಷ್ಟು’ ಎಂದಿದೆ. ನಾನು ಅದನ್ನು ತಿದ್ದಿಲ್ಲ.

ಇಂತಿ,
ನಿವೃತ್ತ ಶಿಕ್ಷಕಿ,
ಗುಬ್ಬಿ ತಾಲ್ಲೂಕು, ತುಮಕೂರು ಜಿಲ್ಲೆ