ವಾಸಿಯಾಗದ ಮಚ್ಚೆ ಮತ್ತು ಮಾಡದ ಪರೀಕ್ಷೆ: ಆರೋಗ್ಯ ಸಚಿವರಿಗೊಂದು ಬಹಿರಂಗ ಪತ್ರ

ಮಾನ್ಯ ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಸಚಿವರೇ,

ಸೊಂಟದಲ್ಲೋ ತೊಡೆಯಲ್ಲೋ ಕೆಂಪು ಮಚ್ಚೆ ಎದ್ದರೆ ಬೆಂಗಳೂರಿನಲ್ಲಿ ಹೆಚ್ಚಿನವರು ಮೊದಲು ಹೋಗುವುದು ಮೆಡಿಕಲ್ ಶಾಪಿಗೆ. ಕ್ಲೋಬೆಟಸಾಲ್ ಎಂಬ ಸ್ಟಿರಾಯ್ಡ್ ಬೆರೆತ ಟ್ಯೂಬು ವೈದ್ಯರ ಚೀಟಿ ಇಲ್ಲದೆಯೇ ಸಿಗುತ್ತದೆ. ಸ್ಟಿರಾಯ್ಡ್ ಮುಲಾಮುಗಳನ್ನು ಹಾಗೆ ಮಾರಕೂಡದೆಂದು ಕೇಂದ್ರ ಸರ್ಕಾರ 2018ರಲ್ಲೇ ಹೇಳಿದೆ. ಕೌಂಟರಿನಲ್ಲಿ ಅದಕ್ಕೆ ಕಿಮ್ಮತ್ತಿಲ್ಲ.

ಬಹುಪಾಲು ಮಚ್ಚೆ ಹುಳುಕಡ್ಡಿಯೋ ಇಸಬೋ ಇರುತ್ತದೆ. ಅಪರೂಪಕ್ಕೆ ಅದು ಚರ್ಮದ ಲಿಂಫೋಮಾ, ಅಂದರೆ ಲಿಂಫೋಸೈಟ್ ಎಂಬ ಬಿಳಿ ರಕ್ತಕಣಗಳ ಕ್ಯಾನ್ಸರ್. ಅದರಲ್ಲಿ ಹೆಚ್ಚು ಕಾಣುವ ಮೈಕೋಸಿಸ್ ಫಂಗಾಯ್ಡಿಸ್‌ಗೆ ವೈರಸ್ ಕಾರಣವೆಂದು ಸಾಬೀತಾಗಿಲ್ಲ (ಹೆಸರಿನಲ್ಲಿ ಫಂಗಸ್ ಇದ್ದರೂ ಅದು ಫಂಗಸ್ಸೂ ಅಲ್ಲ). ಆದರೆ ಎಚ್‌ಟಿಎಲ್‌ವಿ-1 ವೈರಸ್ಸಿನಿಂದ ಬರುವ ಟಿ-ಕಣ (ಲಿಂಫೋಸೈಟಿನ ಒಂದು ಬಗೆ) ಲಿಂಫೋಮಾ ಸೂಕ್ಷ್ಮದರ್ಶಕದಡಿ ಥೇಟ್ ಅದರಂತೆಯೇ ಕಾಣಬಹುದು. 1980ರಲ್ಲಿ ಅಮೆರಿಕದಲ್ಲಿ ಈ ವೈರಸ್ ಸಿಕ್ಕಿದ್ದೇ ಚರ್ಮದ ಲಿಂಫೋಮಾ ಇದ್ದ ರೋಗಿಯೊಬ್ಬರ ಕಣಗಳಲ್ಲಿ. ಎಪ್‌ಸ್ಟೀನ್-ಬಾರ್ ಎಂಬ ಇನ್ನೊಂದು ವೈರಸ್ಸಿನ ನಂಟಿರುವ ಎನ್‌ಕೆ/ಟಿ ಲಿಂಫೋಮಾ ಬೇರೆಯೇ ಬಗೆ, ಅದಕ್ಕೆ ಬೇರೆಯೇ ಔಷಧ.

ಎಡವುವುದು ಬಯಾಪ್ಸಿಯಲ್ಲಿ, ಅಂದರೆ ಚರ್ಮದ ತುಣುಕು ತೆಗೆದು ಪರೀಕ್ಷಿಸುವುದರಲ್ಲಿ. ಮುಲಾಮು ಹಚ್ಚುತ್ತಲೇ ಇದ್ದ ಜಾಗದಿಂದ ತುಣುಕು ತೆಗೆದರೆ ಲಿಂಫೋಸೈಟುಗಳು ಕರಗಿರುತ್ತವೆ, ವರದಿಯಲ್ಲಿ 'ನಿರ್ದಿಷ್ಟವಲ್ಲದ ಉರಿಯೂತ' ಎಂದಷ್ಟೇ ಬರುತ್ತದೆ. ಎರಡರಿಂದ ನಾಲ್ಕು ವಾರ ಮುಲಾಮು ನಿಲ್ಲಿಸಿ, ಎರಡು ಮಚ್ಚೆಗಳಿಂದ 4ರಿಂದ 6 ಮಿ.ಮೀ. ಅಗಲದ ಪಂಚ್ (ದುಂಡಗೆ, ಆಳವಾಗಿ ಕೊರೆದ ತುಣುಕು) ತೆಗೆದು ಶೇ 10ರ ಫಾರ್ಮಲಿನ್‌ಗೆ ಹಾಕಬೇಕು. ಮೇಲಿಂದ ಹೆರೆದ ತೆಳು ಪದರ ಸಾಲದು. ಆ ತುಣುಕನ್ನು ಮೇಣದಲ್ಲಿ ಹುದುಗಿಸಿದ ಪ್ಯಾರಾಫಿನ್ ಬ್ಲಾಕಿನಲ್ಲೇ ಕಣಗಳ ಬಗೆ ಗುರುತಿಸುವ ಸಿಡಿ3, ಸಿಡಿ4, ಸಿಡಿ8, ಸಿಡಿ30 ಬಣ್ಣಗಳನ್ನೂ, ಅನುಮಾನವಿದ್ದರೆ ಎಪ್‌ಸ್ಟೀನ್-ಬಾರ್‌ಗಾಗಿ ಇಬಿಇಆರ್ ಪರೀಕ್ಷೆಯನ್ನೂ ಮಾಡಬಹುದು. ಎಚ್‌ಟಿಎಲ್‌ವಿ-1ಕ್ಕೆ ರಕ್ತದ ಎಲೈಸಾ (ಪ್ರತಿಕಾಯ ಪತ್ತೆಮಾಡುವ ಪರೀಕ್ಷೆ) ಬೇಕು. ಅದು ಪಾಸಿಟಿವ್ ಬಂದರೆ ವೆಸ್ಟರ್ನ್ ಬ್ಲಾಟ್ ಅಥವಾ ಪಿಸಿಆರ್‌ನಿಂದ ಖಚಿತಪಡಿಸಿಕೊಳ್ಳಲೇಬೇಕು.

ಎಚ್‌ಟಿಎಲ್‌ವಿ-1ರ ಈ ಒಂದು ಪರೀಕ್ಷೆಯ ಮೇಲೆ ಎಷ್ಟೋ ನಿಂತಿದೆ. ಪಾಸಿಟಿವ್ ಆದವರ ರಕ್ತದ ಕ್ಯಾಲ್ಸಿಯಂ ನೋಡಬೇಕು. ಸ್ಟಿರಾಯ್ಡ್, ಕೀಮೋ ಶುರುಮಾಡುವ ಮೊದಲು ಸ್ಟ್ರಾಂಜಿಲಾಯ್ಡಿಸ್ ಹುಳುವಿಗಾಗಿ ತಪಾಸಣೆ ಆಗಬೇಕು, ಇಲ್ಲವಾದರೆ ಆ ಹುಳು ಮೈಯೆಲ್ಲ ಹರಡಿ ಜೀವಕ್ಕೇ ಕುತ್ತು. ಎದೆಹಾಲು, ಲೈಂಗಿಕ ಸಂಪರ್ಕ, ರಕ್ತ, ಸೂಜಿಯಿಂದ ವೈರಸ್ ಹರಡುವುದರಿಂದ ಮನೆಯವರಿಗೂ ತಿಳಿಹೇಳಬೇಕು. ವೈರಸ್ ಹೊತ್ತವರಲ್ಲಿ ಬಹುತೇಕರಿಗೆ ಕ್ಯಾನ್ಸರ್ ಬರುವುದೇ ಇಲ್ಲ ಎಂಬುದನ್ನೂ ಅದೇ ಬಾಯಲ್ಲಿ ಹೇಳಬೇಕು.

ರಕ್ತನಿಧಿಯ ಪ್ರತಿ ಬ್ಯಾಗಿಗೂ ಈ ಪರೀಕ್ಷೆ ಕಡ್ಡಾಯ ಮಾಡಿ ಎಂದು ನಾವು ಕೇಳುತ್ತಿಲ್ಲ. ನಗರದ ಸರ್ಕಾರಿ ಆಸ್ಪತ್ರೆಗಳ ಚರ್ಮರೋಗ ಓಪಿಡಿಗಳಲ್ಲಿ ಲಿಂಫೋಮಾ ಎಂದು ಶಂಕಿಸಿದವರಿಗೆ ಮಾತ್ರ ಮಾಡಿಸಿ, ಅದಕ್ಕೊಂದು ಲ್ಯಾಬನ್ನು ಗೊತ್ತುಮಾಡಿ. ಬಿಪಿಎಲ್ ಕಾರ್ಡಿನವರಿಗೆ ಖರ್ಚು ಬೀಳದಿರಲಿ. ಔಷಧ ಇನ್‌ಸ್ಪೆಕ್ಟರುಗಳು ಅಂಗಡಿಗೆ ಹೋದಾಗ ಸ್ಟಿರಾಯ್ಡ್ ಟ್ಯೂಬುಗಳ ಬಿಲ್ಲಿಗೆ ಚೀಟಿ ತಾಳೆಯಾಗುತ್ತದೆಯೇ ಎಂದೂ ನೋಡಲಿ.

ಇತಿ,
ಚರ್ಮರೋಗ ಮತ್ತು ಪೆಥಾಲಜಿ ವೈದ್ಯರು, ಬೆಂಗಳೂರು